ಟ್ಯೂಬ್‌ಲೈಟಿಗೆ ಹಿಡಿದ ಕವರ್

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಸಣ್ಣ ಟ್ರಯಲ್‌ಗೆ ಲೆಕ್ಕ ನೋಡಿಕೊಡಲು ಹೋಗಿದ್ದೆ. ಗಾಯಕ್ಕೆ ಹಾಕುವ ಎರಡು ಬಗೆಯ ಡ್ರೆಸ್ಸಿಂಗ್‌ನಲ್ಲಿ ಯಾವುದು ಮೇಲು ಅನ್ನುವುದು ಪ್ರಶ್ನೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಕೊಟ್ಟ ಪಟ್ಟಿಯಂತೆ ಚೀಟಿ ಬರೆದು, ಕವರಿಗೆ ಹಾಕಿ, ಅಂಟಿಸಿ, ನಂಬರ್ ಬರೆದು ಡ್ರಾಯರಿನಲ್ಲಿ ಇಟ್ಟಿದ್ದರು. ಎಲ್ಲ ಅಚ್ಚುಕಟ್ಟು. ಕವರ್ ಮಾತ್ರ ತೆಳ್ಳಗಿನ ಬಿಳಿ ಕವರ್. ಒಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ. ಒಳಗಿನ ಅಕ್ಷರ ಸಲೀಸಾಗಿ ಕಂಡಿತು. ಪಕ್ಕದಲ್ಲಿದ್ದ ಕಿರಿಯ ಡಾಕ್ಟರ್ ನಕ್ಕರು. "ಅದು ನಮಗೆ ಮೊದಲ ವಾರವೇ ಗೊತ್ತಾಗಿತ್ತು ಸಾರ್."

ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿಬಿಟ್ಟರೆ ಪಕ್ಷಪಾತದ ಮಾತೇ ಇಲ್ಲ ಅಂತ ನಾವೆಲ್ಲ ಓದಿರುತ್ತೇವೆ. ಅರ್ಧ ನಿಜ. ಚೀಟಿ ಎತ್ತುವುದು ಒಂದು ಕೆಲಸ, ಮುಂದಿನ ಚೀಟಿ ಯಾವುದೆಂದು ಯಾರಿಗೂ ತಿಳಿಯದ ಹಾಗೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಮುಂದಿನದು ಹಳೇ ಡ್ರೆಸ್ಸಿಂಗ್ ಅಂತ ಗೊತ್ತಾದರೆ, ಸಕ್ಕರೆ ಕಾಯಿಲೆಯ ಅಜ್ಜಿಗೆ ಡಾಕ್ಟರ್ "ನಾಳೆ ಬನ್ನಿ ಅಮ್ಮಾ" ಅನ್ನುತ್ತಾರೆ. ಅಜ್ಜಿಗೆ ಹೊಸದು ಸಿಗಲಿ ಎಂಬ ಕಾಳಜಿ ಅಷ್ಟೇ. ಹೀಗೆ ನಾಲ್ಕು ಅಜ್ಜಿಯರು ಒಂದೇ ಕಡೆ ಸೇರಿದರೆ ಸಣ್ಣ ಟ್ರಯಲ್‌ನ ಗತಿ ಮುಗಿಯಿತು. ನನ್ನ ಅನುಭವದಲ್ಲಿ ಟ್ರಯಲ್ ಕೆಡಿಸಿದವರಲ್ಲಿ ಮೋಸಗಾರರಿಗಿಂತ ಕರುಣೆ ಇರುವವರೇ ಜಾಸ್ತಿ.

ಇದಕ್ಕೆ ಒಳ್ಳೆಯ ಉದಾಹರಣೆ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್ ಹಾಲಿನ ಪ್ರಯೋಗ. 1930ರಲ್ಲಿ 67 ಶಾಲೆಗಳ ಸುಮಾರು 20,000 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳು ದಿನಾ ಮುಕ್ಕಾಲು ಪಿಂಟ್ (ಅರ್ಧ ಲೀಟರಿಗೆ ತುಸು ಕಡಿಮೆ) ಹಾಲು, ಉಳಿದವರಿಗೆ ಇಲ್ಲ. ಯಾರಿಗೆ ಹಾಲು ಅನ್ನುವುದನ್ನು ಕೆಲವು ಶಾಲೆಗಳಲ್ಲಿ ಚೀಟಿ ಎತ್ತಿ, ಕೆಲವು ಕಡೆ ಹೆಸರಿನ ಅಕ್ಷರದ ಪ್ರಕಾರ ಆರಿಸಿದರು. ಒಂದು ಗುಂಪಿನಲ್ಲಿ ದಷ್ಟಪುಷ್ಟ ಮಕ್ಕಳೋ ಬಡಕಲು ಮಕ್ಕಳೋ ಜಾಸ್ತಿ ಬಿದ್ದರೆ ಅದಲು ಬದಲು ಮಾಡಬಹುದು ಎಂಬ ಅನುಮತಿಯೂ ಇತ್ತು. ಮೇಷ್ಟ್ರಿಗೆ ಇಷ್ಟು ಸಾಕಲ್ವಾ? ಹೊಟ್ಟೆಗಿಲ್ಲದ ಮಕ್ಕಳು ಹಾಲಿನ ಕಡೆಗೆ ಸರಿದರು. ಹಾಲು ಸಿಗದ ಗುಂಪಿನ ಮಕ್ಕಳು ಪ್ರಯೋಗ ಶುರುವಾಗುವ ಮೊದಲೇ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು.

ಮರುವರ್ಷ ಇದನ್ನು ಬಿಡಿಸಿ ಹೇಳಿದವರು 'ಸ್ಟೂಡೆಂಟ್' ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್. ಗಿನ್ನೆಸ್ ಬಿಯರ್ ಕಂಪನಿಯ ನೌಕರ. ಅವರು ಹಿಡಿದ ಇನ್ನೊಂದು ಹುಳುಕು ನನಗೆ ಬಹಳ ಇಷ್ಟ. ಮಕ್ಕಳನ್ನು ಬಟ್ಟೆಯ ಸಮೇತ ತೂಗಿದ್ದರು, ಮೊದಲು ಫೆಬ್ರವರಿಯ ಚಳಿಯಲ್ಲಿ, ಆಮೇಲೆ ಜೂನ್ ಬೇಸಿಗೆಯಲ್ಲಿ. ಉಳ್ಳವರ ಮಕ್ಕಳು ಚಳಿಗಾಲದ ದಪ್ಪ ಕೋಟು ಕಳಚಿದ್ದರಿಂದ ಅವರ ಲೆಕ್ಕದಲ್ಲಿ ತೂಕ ಇಳಿಯಿತು. ಬಡವರ ಮಕ್ಕಳಿಗೆ ಕಳಚಲು ಅಂಥ ಕೋಟೇ ಇರಲಿಲ್ಲ. ಆ ವ್ಯತ್ಯಾಸದ ಒಂದು ಪಾಲು ಹಾಲಿನ ಖಾತೆಗೆ ಹೋಗಿ ಸೇರಿತು! ಇಪ್ಪತ್ತು ಸಾವಿರ ಮಕ್ಕಳ ಬದಲು ಐವತ್ತು ಜೊತೆ ತದ್ರೂಪಿ ಅವಳಿಗಳು ಸಾಕಿತ್ತು ಅಂದರು ಗಾಸೆಟ್.

ಅದೆಲ್ಲ ಹಳೇ ಕಾಲ ಅನ್ನಬೇಡಿ. 1948ರಲ್ಲಿ ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಔಷಧಿಯ ಬ್ರಿಟನ್ನಿನ ಪ್ರಯೋಗ ಪ್ರಕಟವಾದಾಗಲೇ ಪಾಠ ಸಿಕ್ಕಿತ್ತು. 107 ರೋಗಿಗಳು, ಸಂಖ್ಯಾಶಾಸ್ತ್ರಜ್ಞ ಬ್ರ್ಯಾಡ್‌ಫರ್ಡ್ ಹಿಲ್ ಮಾಡಿಸಿದ ಸೀಲ್ ಆದ ಕವರ್‌ಗಳು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಕವರ್ ಒಡೆಯಬೇಕು. ಆದರೂ ಅರ್ಧ ಶತಮಾನ ಕಳೆದು, 1999ರಲ್ಲಿ ಸ್ವೀಡನ್ ಮತ್ತು ಫಿನ್ಲೆಂಡಿನ ಬಿಪಿ ಪ್ರಯೋಗ ಇದೇ ಕವರಿನಲ್ಲಿ ಎಡವಿತು. ಸುಮಾರು 11,000 ಜನ. ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಔಷಧಿಯ ಗುಂಪಿನಲ್ಲಿ ಬಿಪಿ ಇನ್ನೊಂದು ಗುಂಪಿಗಿಂತ ಆರಂಭದಲ್ಲೇ ಸುಮಾರು 2 ಮಿ.ಮೀ. ಜಾಸ್ತಿ. ಎರಡು ಮಿಲಿಮೀಟರ್ ಏನು ಮಹಾ ಅನಿಸಬಹುದು. ಅಷ್ಟು ಜನರಲ್ಲಿ ಸರಾಸರಿ ಸುಮ್ನೆ ಅಷ್ಟು ದೂರ ಸರಿಯುವುದಿಲ್ಲ. ಕೆಲವರಾದರೂ ಮೊದಲೇ ಕವರ್ ನೋಡಿದ್ದರು ಅನ್ನುವುದೇ ಸಹಜ ವಿವರಣೆ. ಆ ಗುಂಪಿನಲ್ಲಿ ಪಾರ್ಶ್ವವಾಯು ಹೆಚ್ಚು ಕಂಡಿದ್ದು ಔಷಧಿಯಿಂದಲೋ, ಮೊದಲೇ ಇದ್ದ ಬಿಪಿಯಿಂದಲೋ ಅಂತ ಬಿಡಿಸುವುದು ಕಷ್ಟವಾಯಿತು.

ಕವರ್ ದಪ್ಪಗಿದ್ದರೂ ಊಹೆಗೆ ದಾರಿ ಇದೆ. ಎರಡೂ ಗುಂಪು ಸಮ ಬರಲಿ ಅಂತ ನಾವೇ ನಾಲ್ಕು ನಾಲ್ಕರ ಕಟ್ಟು ಮಾಡುತ್ತೇವೆ, ಪ್ರತಿ ಕಟ್ಟಿನಲ್ಲಿ ಎರಡು ಹೊಸದು, ಎರಡು ಹಳೆಯದು. ಕೊಟ್ಟದ್ದು ಕಣ್ಣಿಗೆ ಕಾಣುವ ಚಿಕಿತ್ಸೆಯಾದರೆ, ಮೊದಲ ಎರಡೂ ಹೊಸದು ಬಂತೆಂದಾಗ ಮುಂದಿನ ಎರಡು ಹಳೆಯದೇ ಎಂದು ಇಸ್ಪೀಟ್ ಆಡಿದವರು ಥಟ್ಟನೆ ಹೇಳಬಲ್ಲರು. ಅದಕ್ಕೇ ಕಟ್ಟಿನ ಗಾತ್ರವನ್ನು ಬದಲಿಸುತ್ತಾ ಹೋಗಬೇಕು, ಅದನ್ನು ಡಾಕ್ಟರಿಗೆ ಹೇಳಲೂಬಾರದು. ನಮ್ಮ ದೇಶದ ಟ್ರಯಲ್ ನೋಂದಣಿಯಲ್ಲಿ ಪಟ್ಟಿ ಹೇಗೆ ತಯಾರಾಯಿತು, ಅದನ್ನು ಹೇಗೆ ಮರೆಮಾಡಿದಿರಿ ಅಂತ ಎರಡು ಬೇರೆ ಪ್ರಶ್ನೆಗಳೇ ಇವೆ. ಯಾವುದೇ ಟ್ರಯಲ್ ವರದಿ ಕೈಗೆ ಬಂದಾಗ ನಾನು ಫಲಿತಾಂಶಕ್ಕಿಂತ ಮೊದಲು ಎರಡನೇ ಉತ್ತರ ಹುಡುಕುತ್ತೇನೆ. 'ರ‍್ಯಾಂಡಮ್ ಆಗಿ ಹಂಚಲಾಯಿತು' ಅಂತಷ್ಟೇ ಬರೆದಿದ್ದರೆ ನನಗೆ ಆ ಬಿಳಿ ಕವರ್ ನೆನಪಾಗುತ್ತದೆ.

ಆ ಡ್ರೆಸ್ಸಿಂಗ್ ಟ್ರಯಲ್‌ನ ಕವರ್‌ಗಳನ್ನೆಲ್ಲ ಹರಿದು ಹಾಕಿ, ಪಟ್ಟಿ ಹೊಸದಾಗಿ ಮಾಡಿ, ಯಾರಿಗೆ ಯಾವುದು ಅಂತ ನಮ್ಮಲ್ಲಿಗೇ ಫೋನ್ ಮಾಡಿ ಕೇಳುವ ಏರ್ಪಾಡು ಮಾಡಿದೆವು. ಮೊದಲ ಫೋನ್ ಅದೇ ಕಿರಿಯ ಡಾಕ್ಟರದ್ದು.

"ಸಾರ್, ಮುಂದಿನದು ಯಾವುದು ಅಂತ ಹೇಳ್ತೀರಾ?"

"ಪೇಷೆಂಟ್ ಹೆಸರು, ವಯಸ್ಸು ಹೇಳಿ ಡಾಕ್ಟ್ರೇ, ಮೊದಲು ಬರ್ಕೋತೀನಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಒಂದ್ನಿಮಿಷ ಸಾರ್," ಅಂದರು, "ಪೇಷೆಂಟ್ ಇನ್ನೂ ಬಂದಿಲ್ಲ."