ಬಿಸಿಲೂರಿನವರಿಗೂ ವಿಟಮಿನ್ ಡಿ ಕೊರತೆ

ವಿಟಮಿನ್ ಡಿ ಕಡಿಮೆ ಇದೆ ಅಂದರೆ ಕಲಬುರಗಿಯಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. "ನಮ್ಮ ಕಡೀ ಬಿಸಿಲಿಗೇನ್ ಬರ ಅದ ಏನ್ರಿ ಸರ?" ಅನ್ನುತ್ತಾರೆ. ಬಿಸಿಲಿಗೆ ಬರವಿಲ್ಲ, ನಿಜ. ಆದರೆ ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಯಂಥ ಮನೋರೋಗ ಇರುವ ಎಷ್ಟೋ ಜನ ತಿಂಗಳುಗಟ್ಟಲೆ ಒಳಕೋಣೆ ಬಿಟ್ಟು ಬರುವುದೇ ಇಲ್ಲ. ಕೆಲವರಿಗೆ ಭಯ, ಕೆಲವರಿಗೆ ಯಾವುದೂ ಬೇಡ. ಇನ್ನು ಕೆಲವರನ್ನು 'ಮಂದಿ ಏನಂದಾರು' ಅಂತ ಮನೆಯವರೇ ಹೊರಗೆ ಬಿಡುವುದಿಲ್ಲ. ಕಿಟಕಿ ಗಾಜಿನೊಳಗಿಂದ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ. ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಜೋಳದ ರೊಟ್ಟಿ, ತೊಗರಿಬೇಳೆಯಲ್ಲಿ ವಿಟಮಿನ್ ಡಿ ಇಲ್ಲವೆಂದೇ ಹೇಳಬೇಕು. ಫಿಟ್ಸ್‌ಗೆ, ಮನಸ್ಸಿನ ಏರುಪೇರಿಗೆ ಕೊಡುವ ಕಾರ್ಬಮಜೆಪೈನ್‌ನಂಥ ಮಾತ್ರೆಗಳು ಮೈಯಲ್ಲಿ ಇದ್ದದ್ದನ್ನೂ ಬೇಗ ಖರ್ಚು ಮಾಡಿಸುತ್ತವೆ. ಹಾಗಂತ ಮಾತ್ರೆ ನಿಲ್ಲಿಸಬೇಡಿ.

ವಿಟಮಿನ್ ಡಿ ಕಡಿಮೆಯಾದರೆ ತೊಡೆಯ ಬಲ ಕುಗ್ಗುತ್ತದೆ. ಮನೆಯಲ್ಲಿರುವ ರೋಗಿ ನೆಲದಿಂದ ಏಳುವುದನ್ನು ಒಮ್ಮೆ ಗಮನಿಸಿ. ತೊಡೆಗೆ ಕೈ ಊರಿ, ಗೋಡೆ ಹಿಡಿದು ಏಳುತ್ತಾರಾ? ಮಾಳಿಗೆ ಮೆಟ್ಟಿಲು ಹತ್ತಲು ಒದ್ದಾಡುತ್ತಾರಾ? ಸೋಮಾರಿ ಅಂತ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಸಾಮಾನ್ಯವಾಗಿ ನಾವು ವೈದ್ಯರು ವಾರಕ್ಕೊಮ್ಮೆ 60,000 ಯೂನಿಟ್ ವಿಟಮಿನ್ ಡಿ, 8 ವಾರ, ಊಟವಾದ ಮೇಲೆ ಕೊಡುತ್ತೇವೆ. ಇದರಿಂದ ಮೈಕೈ ನೋವು, ಸುಸ್ತು ಇಳಿಯುತ್ತವೆ. ಮನೋರೋಗವೇ ವಾಸಿಯಾಗುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ಬಿಸಿಲಿಗೆ ಕೂರಿಸುವಾಗ ನಮ್ಮಲ್ಲಿ ಜಾಸ್ತಿ ಹುಷಾರು ಬೇಕು. ಮಧ್ಯಾಹ್ನದ ಬಿಸಿಲೇ ಒಳ್ಳೆಯದು ಅನ್ನುವ ಸಲಹೆ ಮೇ ತಿಂಗಳ ಕಲಬುರಗಿಗೆ ಹೊಂದುವುದಿಲ್ಲ. ಮನೋರೋಗದ ಹಲವು ಮಾತ್ರೆ ತಗೊಳ್ಳುವವರ ಮೈ ಸೆಕೆ ತಡೆಯುವುದಿಲ್ಲ. ಕ್ಲೋರ್‌ಪ್ರೊಮಜೈನ್ ತಗೊಳ್ಳುವವರ ಚರ್ಮ ಬೇಗ ಸುಡುತ್ತದೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ಬೆವರಿ ನೀರು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರಿ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಬೆಳಿಗ್ಗೆ 9ರ ಸುಮಾರಿಗೆ, ಕೈಕಾಲಿಗೆ ಬಿಸಿಲು ತಾಗುವಂತೆ, 15 ನಿಮಿಷ ಕಟ್ಟೆ ಮೇಲೆ ಕೂರಲಿ. ಪಕ್ಕದಲ್ಲಿ ನೀರಿರಲಿ, ಮಾತಿಗೆ ಯಾರಾದರೂ ಇರಲಿ. ಉಳಿದ ಕೊರತೆಯನ್ನು ಔಷಧ ತುಂಬುತ್ತದೆ.

ಸುಸ್ತು ಅಂದಾಗಲೆಲ್ಲ ಸುಮ್ನೆ ದೊಡ್ಡ ಡೋಸಿನ ಇಂಜೆಕ್ಷನ್ ಹಾಕಿಸುವುದು ನನಗೆ ನಿಜಕ್ಕೂ ಆತಂಕದ ವಿಷಯ. ವಿಟಮಿನ್ ಡಿ ಮಿತಿ ಮೀರಿದರೆ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಬಾಯಾರಿಕೆ, ಮಲಬದ್ಧತೆ, ಕೊನೆಗೆ ಗೊಂದಲದ ಮಾತು. ಹಳೇ ಕಾಯಿಲೆ ತಿರುಗಿ ಬಂತು ಅಂತ ಮನೆಯವರು ತಿಳಿಯುತ್ತಾರೆ. ಲಿಥಿಯಂ ತಾನಾಗಿಯೂ ಕ್ಯಾಲ್ಸಿಯಂ ಏರಿಸಬಲ್ಲದು. ಅದನ್ನು ತಗೊಳ್ಳುವವರು ವಿಟಮಿನ್ ಡಿ ಶುರು ಮಾಡುವ ಮೊದಲೇ ಕ್ಯಾಲ್ಸಿಯಂ ನೋಡಿಸಿಕೊಳ್ಳಿ.