ಮೆಚ್ಚಿನ ಲೇಖಕರ ಹೊಸ ಕಾದಂಬರಿ ಮನಸ್ಸಿಗೆ ಹಿಡಿಸಲಿಲ್ಲ, ಏನು ಮಾಡಲಿ?

ಪ್ರಶ್ನೆ: ಈ ಲೇಖಕರ ಒಂದೂ ಕಾದಂಬರಿ ಬಿಟ್ಟಿಲ್ಲ. ಹೊಸದನ್ನು ಹುಬ್ಬಳ್ಳಿಯಲ್ಲಿ ಕೊಂಡು ತಂದೆ. 120 ಪುಟ ದಾಟಿದರೂ ಒಳಗೆ ಹೋಗಲು ಆಗುತ್ತಿಲ್ಲ. ತಪ್ಪು ನನ್ನದೋ, ಪುಸ್ತಕದ್ದೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಪುಟಸಂಖ್ಯೆ ನೋಡಿರಿ. ಪುಸ್ತಕಗಳು ಸಾಮಾನ್ಯವಾಗಿ 16 ಪುಟಗಳ ಫಾರ್ಮುಗಳಾಗಿ, ಅಂದರೆ ಮಡಚಿದ ಕಂತೆಗಳಾಗಿ, ಅಚ್ಚಾಗುತ್ತವೆ. ಬೈಂಡಿಂಗಿನಲ್ಲಿ ಒಂದು ಫಾರ್ಮು ಬಿಟ್ಟುಹೋದರೆ 96ರ ಮುಂದೆ ನೇರ 113 ಬರುತ್ತದೆ. ಕಥೆಯನ್ನು ಹಿಂದೆಮುಂದೆ ಮಾಡಿ ಹೇಳುವ ಕಾದಂಬರಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿದ್ದರೆ ಕೊಂಡ ಅಂಗಡಿಯಲ್ಲಿ ಪ್ರತಿ ಬದಲಿಸಿಕೊಳ್ಳಿ.

ಪುಟಗಳೆಲ್ಲ ಇದ್ದರೆ ‘ಲೇಖಕರ ಮಾತು’ ತೆರೆದು, ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತೇ ನೋಡಿ. ನಿರಾಸೆಗೆ ಇದು ದೊಡ್ಡ ಕಾರಣ, ಆದರೆ ಓದುಗರು ಗಮನಿಸುವುದು ಕಡಿಮೆ. ಧಾರಾವಾಹಿಯ ಪ್ರತಿ ಕಂತೂ ಒಂದು ಕುತೂಹಲದಲ್ಲಿ ನಿಲ್ಲಬೇಕು. ಮುಂದಿನ ವಾರ ಓದುಗರಿಗೆ ಹಿಂದಿನದನ್ನು ನೆನಪಿಸಬೇಕು. ಅದನ್ನು ತಿದ್ದದೆ ಪುಸ್ತಕ ಮಾಡಿದರೆ ಅದೇ ಅತ್ತೆಯ ಪರಿಚಯ, ಅದೇ ಹೊಲದ ತಂಟೆ ಹತ್ತು ಹನ್ನೆರಡು ಪುಟಕ್ಕೊಮ್ಮೆ ಮರಳಿ ಬರುತ್ತದೆ. ಒಂದೇ ಸಲಕ್ಕೆ ಕೂತು ಓದುವವರಿಗೆ ಅದು ಎಳೆದಾಟ. ಅಂಥ ಪುಸ್ತಕವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ, ಬೇಸರ ಅರ್ಧಕ್ಕಿಳಿಯುತ್ತದೆ. ಹೆಸರಾದ ಲೇಖಕರ ಹಸ್ತಪ್ರತಿಯಲ್ಲಿ 40 ಪುಟ ಕಡಿಯಿರಿ ಎಂದು ಹೇಳುವ ಧೈರ್ಯ ಯಾರಿಗಾದರೂ ಬೇಕು. ಸಂಪಾದಕರ ಆ ಕೆಲಸ ನಮ್ಮಲ್ಲಿ ಬಹಳ ಸಲ ಅಚ್ಚಿನ ಕರಡು ತಿದ್ದುವಲ್ಲಿಗೇ ಮುಗಿಯುತ್ತದೆ, ಇದು ನಿಜಕ್ಕೂ ನೋವಿನ ಸಂಗತಿ.

ಇನ್ನು ಲೇಖಕರೇ ದಾರಿ ಬದಲಿಸಿರಬಹುದು. ಕಾರಂತರ ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಬದುಕನ್ನು ಸಾಲಾಗಿ ಹೇಳುತ್ತದೆ. 1960ರ ‘ಅಳಿದ ಮೇಲೆ’ಯಲ್ಲಿ ಸತ್ತವನ ಬದುಕನ್ನು ನಿರೂಪಕ ಊರೂರು ಅಲೆದು ಕೂಡಿಸುತ್ತಾನೆ. ಮೊದಲನೆಯದರ ಹಸಿವಿನಿಂದ ಎರಡನೆಯದಕ್ಕೆ ಕೂತರೆ ಊಟ ಸೇರುವುದಿಲ್ಲ, ಅದು ಅಡುಗೆಯ ತಪ್ಪೂ ಅಲ್ಲ.

ಇದನ್ನು ಪರೀಕ್ಷಿಸಲು ಪುಸ್ತಕ ಹದಿನೈದು ದಿನ ಬದಿಗಿಡಿ. ಆ ಲೇಖಕರ ನಿಮ್ಮ ಅಚ್ಚುಮೆಚ್ಚಿನ ಹಳೆಯ ಕಾದಂಬರಿಯ ಮೊದಲ 30 ಪುಟ ಓದಿ. ಹಳೆಯದೂ ಇಷ್ಟೇ ನಿಧಾನವಾಗಿ ಶುರುವಾಗಿತ್ತು ಎಂಬುದು ಆಗ ಹೊಳೆಯಬಹುದು, ನೆನಪು ಅದನ್ನು ಮರೆಸಿರುತ್ತದೆ. ಆಮೇಲೆ ಹೊಸದರ ಒಂದು ಸಂಭಾಷಣೆಯನ್ನು ಗಟ್ಟಿಯಾಗಿ ಓದಿಸಿ, ಮಾತಾಡುವವರ ಹೆಸರು ಬಿಟ್ಟು. ಹಾವೇರಿಯ ಮುದುಕಿ, ಹುಬ್ಬಳ್ಳಿಯ ವಕೀಲ, ಕಾಲೇಜು ಹುಡುಗಿ ಮೂವರೂ ಒಂದೇ ಧಾಟಿಯಲ್ಲಿ ಮಾತಾಡುತ್ತಿದ್ದರೆ ದೋಷ ಬರವಣಿಗೆಯದೇ. ಎಲ್ಲರ ಬಾಯಲ್ಲೂ ‘ಬರ್ತೀನ್ರಿ, ಹೋಗ್ತೀನ್ರಿ’ ಸೇರಿಸಿದ ಮಾತ್ರಕ್ಕೆ ಉತ್ತರ ಕರ್ನಾಟಕದ ಮಾತು ಆಗುವುದಿಲ್ಲ. ಬೇರೆಯವರು ಬರೆದ ಮುನ್ನುಡಿಯನ್ನು ಕೊನೆಗೆ ಓದಿ. ಅದು ಕಥೆಯ ಗುಟ್ಟು ಬಿಟ್ಟುಕೊಡುತ್ತದೆ, ಹೊಗಳಿಕೆಯಿಂದ ನಿರೀಕ್ಷೆಯನ್ನೂ ಏರಿಸುತ್ತದೆ.

ಮೂರನೇ ಒಂದು ಭಾಗ ಮುಗಿದು, ಈ ಪರೀಕ್ಷೆಯೂ ಆದಮೇಲೆ ಹಿಡಿಸದಿದ್ದರೆ ಧಾರಾಳವಾಗಿ ಬಿಡಿ.

ಬಿಟ್ಟರೂ ಪ್ರಕಾಶಕರ ವಿಳಾಸದ ಮೂಲಕ ಲೇಖಕರಿಗೆ ಒಂದು ಕಾಗದ ಬರೆಯಿರಿ, ಓದುಗರ ಮಾತಿಗೆ ಬೆಲೆಯಿದೆ. ನಿಮ್ಮ ಊರಿನಲ್ಲೇ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಚಂದಾದಾರ ಓದುಗರ ಬೆಂಬಲದಿಂದ ಬೆಳೆದದ್ದು. ‘ಚೆನ್ನಾಗಿಲ್ಲ’ ಎಂಬ ಕಾಗದದಿಂದ ಲೇಖಕರಿಗೆ ಏನೂ ಸಿಗುವುದಿಲ್ಲ. ‘74ನೇ ಪುಟದಲ್ಲಿ ತಂಗಿಯ ಮದುವೆ ಆಗಿದೆ, 131ರಲ್ಲಿ ಆಕೆಗೆ ಗಂಡು ನೋಡುತ್ತಿದ್ದಾರೆ’ ಎಂದು ಬರೆದರೆ ಎರಡನೇ ಮುದ್ರಣದಲ್ಲಿ ತಿದ್ದಬಹುದು.