ಪ್ರಾರ್ಥನೆ ಮಾಡಿದರೂ ದೇವರ ಪ್ರೀತಿ ಅನ್ನಿಸೋದೇ ಇಲ್ಲ, ನನ್ನ ನಂಬಿಕೆ ಸುಳ್ಳಾ?

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆ, ಔರಾದ್ ಕಡೆ ಹಳ್ಳಿ. ಅಜ್ಜನ ಕಾಲದಿಂದ ಮೆಥಡಿಸ್ಟ್ ಸಭೆಯವರು. ಸಂಡೇ ಸ್ಕೂಲು, ಕ್ವಾಯರ್ ಎಲ್ಲ ಮಾಡೀನಿ. ಸಾಕ್ಷಿ ಹೇಳುವಾಗ ಬೇರೆಯವರು ಅಳ್ತಾರ, ಕರ್ತನ ಪ್ರೀತಿ ಎದೆ ತುಂಬ್ತು ಅಂತಾರ. ನನಗ ಏನೂ ಅನ್ನಿಸೂದೇ ಇಲ್ಲ. ಎರಡು ವರ್ಷದಿಂದ ಹೊಲದಾಗ ತೊಗರಿ ನೆಟೆ ಹೋಗ್ಯದ. ನಿಮ್ಮ ಮನ್ಯಾಗ ಏನೋ ಪಾಪ ಉಳದದ ಅಂತ ಒಬ್ಬರು ಅಂದ್ರು. ಈಗ ಸಭ್ಯಾಗ ರೊಟ್ಟಿ, ದ್ರಾಕ್ಷಾರಸ ಕೊಡೂ ಕರ್ತನ ಭೋಜನಕ್ಕೂ ಮುಂದ ಹೋಗೂದು ಬಿಟ್ಟೀನಿ. ನನ್ನ ನಂಬಿಕೆ ಸುಳ್ಳಾ?

ಉತ್ತರ: ಸುಳ್ಳಲ್ಲ ಅಕ್ಕಾ. ಮುಂದಿನದು ಓದುವ ಮೊದಲು ಇದೊಂದು ಮಾತು ಇಟ್ಟುಕೊಳ್ಳಿ.

ಇದೇ ಪ್ರಶ್ನೆಯನ್ನು ಭಾಲ್ಕಿಯವರೂ ಕೇಳುತ್ತಾರೆ, ಹುಮನಾಬಾದಿನವರೂ ಕೇಳುತ್ತಾರೆ, ಯಾದಗಿರಿ ಕಡೆಯವರೂ ಕೇಳುತ್ತಾರೆ. ಕೇಳುವವರೆಲ್ಲ ಹೊಸದಾಗಿ ಸಭೆಗೆ ಬಂದವರು ಅಂದುಕೊಳ್ಳಬೇಡಿ. ಹೆಚ್ಚಿನವರು ಸಭೆಯಲ್ಲೇ ಹುಟ್ಟಿ ಬೆಳೆದವರು. ಭಾನುವಾರ ಬೇಗ ಬಂದು ಚಾಪೆ ಹಾಸುವವರು, ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟುವವರು. ಬಾಯಿಬಿಟ್ಟು ಹೇಳಿದರೆ ಜನ ಏನಂದಾರೋ ಅಂತ ಸುಮ್ನೆ ಇರುತ್ತಾರೆ, ಅಷ್ಟೇ.

ಸಾಕ್ಷಿ ಹೇಳುವ ನಮ್ಮ ರೂಢಿಗೂ ಇದರಲ್ಲಿ ಸ್ವಲ್ಪ ಪಾಲಿದೆ. ಮನೆಕೂಟ ಇರಲಿ, ವಿಕಾರಾಬಾದ್ ಹತ್ತಿರ ಮೆಥಡಿಸ್ಟರು ನಡೆಸುವ ಧಾರೂರ್ ಜಾತ್ರೆ ಇರಲಿ, ಮೈಕಿನ ಮುಂದೆ ನಿಲ್ಲುವವರು ದೊಡ್ಡ ಕತೆ ಇರುವವರು. ಕುಡಿತ ಬಿಟ್ಟವರು, ಕಾಯಿಲೆ ವಾಸಿಯಾದವರು. ಅವರು ಹೇಳುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ "ನಾನು ಮೂವತ್ತು ವರ್ಷದಿಂದ ಬರ್ತಾ ಇದ್ದೀನಿ, ವಿಶೇಷ ಏನೂ ಆಗಿಲ್ಲ, ಮುಂದಿನ ವಾರವೂ ಬರ್ತೀನಿ" ಅನ್ನುವವರ ಕೈಗೆ ಯಾರೂ ಮೈಕ್ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಅದೂ ಸಾಕ್ಷಿಯೇ. ಅದನ್ನು ಕೇಳಿಸಿಕೊಳ್ಳದ ಸಭೆಯಲ್ಲಿ ನಿಮ್ಮಂಥವರಿಗೆ ತಾವೊಬ್ಬರೇ ಹೀಗೆ ಅನ್ನಿಸಿಬಿಡುತ್ತದೆ.

ನೀವು ಮೆಥಡಿಸ್ಟ್ ಮನೆಯವರು. ಹಾಗಾಗಿ ಆ ಸಭೆ ಶುರುಮಾಡಿದ ಜಾನ್ ವೆಸ್ಲಿ ಕತೆಯನ್ನೇ ತೆಗೆದುಕೊಳ್ಳೋಣ. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ಸಂಜೆ ಕೂಟ. ವೆಸ್ಲಿ ಅಲ್ಲಿಗೆ ಹೋಗಿದ್ದೇ ಮನಸ್ಸಿಲ್ಲದ ಮನಸ್ಸಿನಿಂದ. ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇದ್ದಾಗ ಅವರ ಎದೆ ಬೆಚ್ಚಗಾಯಿತು. ಕ್ರಿಸ್ತನು ನನ್ನ ಪಾಪಗಳನ್ನು, ನನ್ನವನ್ನೂ, ತೆಗೆದುಹಾಕಿದ್ದಾನೆ ಅನ್ನುವ ಭರವಸೆ ಬಂತು. ನಮ್ಮ ಸಭೆಗಳಲ್ಲಿ ಮೇ ತಿಂಗಳು ಬಂದರೆ ಈ ಕತೆ ಕೇಳಿಬರುತ್ತದೆ. ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ವೆಸ್ಲಿ ತಮ್ಮ ದಿನಚರಿಯಲ್ಲಿ ಇಲ್ಲಿಗೆ ನಿಲ್ಲಿಸಿಲ್ಲ. ಎದೆ ಬೆಚ್ಚಗಾಗಿ ಸ್ವಲ್ಪ ಹೊತ್ತಿಗೇ ಸೈತಾನ ಕಿವಿಯಲ್ಲಿ ಊದಿದ್ದನ್ನೂ ಬರೆದಿದ್ದಾರೆ: ಇದು ನಂಬಿಕೆ ಆಗಿರಲಾರದು, ಎಲ್ಲಿದೆ ನಿನ್ನ ಸಂತೋಷ? ನೋಡಿ, ನಿಮ್ಮ ಪ್ರಶ್ನೆಯೇ ಅಲ್ವಾ ಇದು? ಅದೇ ದಿನ, ಅದೇ ಸಂಜೆ. ಎಂಟು ತಿಂಗಳೂ ಆಗಿರಲಿಲ್ಲ, 1739ರ ಜನವರಿಯಲ್ಲಿ "ನಾನು ಈಗಲೂ ಕ್ರೈಸ್ತನಲ್ಲ" ಅಂತ ಬರೆದುಕೊಂಡರು. 1766ರಲ್ಲಿ, ಅಂದರೆ ಅರವತ್ಮೂರನೇ ವಯಸ್ಸಿನಲ್ಲಿ, ತಮ್ಮ ಚಾರ್ಲ್ಸನಿಗೆ ಕಾಗದ ಬರೆದು, ನಾನು ದೇವರನ್ನು ಪ್ರೀತಿಸುವುದಿಲ್ಲ, ಯಾವತ್ತೂ ಪ್ರೀತಿಸಿಯೇ ಇಲ್ಲ ಅಂದರು. ಅದರಲ್ಲಿ ಕೆಲವು ಮಾತುಗಳನ್ನು ಬೇರೆಯವರು ಓದಬಾರದು ಅಂತಲೋ ಏನೋ ಶಾರ್ಟ್‌ಹ್ಯಾಂಡಿನಲ್ಲಿ ಬರೆದಿದ್ದಾರೆ. ಆಮೇಲೂ ಇಪ್ಪತ್ತೈದು ವರ್ಷ ಕುದುರೆ ಹತ್ತಿ, ಗಾಡಿ ಹತ್ತಿ ಊರೂರು ಸುತ್ತಿ ಸುವಾರ್ತೆ ಸಾರಿದರು. ಮೆಥಡಿಸ್ಟ್ ಸಭೆಗೆ ಅಡಿಪಾಯ ಹಾಕಿದ ಮನುಷ್ಯನ ಗತಿಯೇ ಹೀಗಿದ್ದರೆ, ಔರಾದಿನ ಅಕ್ಕನ ಎದೆ ಒಂದೆರಡು ವರ್ಷ ಬೆಚ್ಚಗಾಗದಿದ್ದರೆ ಅದರಲ್ಲಿ ಅಚ್ಚರಿ ಏನಿದೆ?

ನಿಮ್ಮ ಹೊಲದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನೆಟೆ ರೋಗ ಬರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ. ಹೂ ಕಾಯಿ ಬಿಡುವ ಹೊತ್ತಿಗೆ, ನೀರಿದ್ದರೂ ಗಿಡ ಬಾಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಅದೇ ಹೊಲಕ್ಕೆ ವರ್ಷವರ್ಷವೂ ತೊಗರಿಯನ್ನೇ ಹಾಕಿದರೆ ಜಾಸ್ತಿ ಆಗುತ್ತದೆ. ನಡುವೆ ಜೋಳ ಹಾಕಿದರೆ, ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಜೈವಿಕ ಔಷಧಿ ಹಚ್ಚಿದರೆ, ರೋಗ ತಡೆಯುವ ತಳಿ ತಂದರೆ ಕಡಿಮೆ ಆಗುತ್ತದೆ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಹೇಳುತ್ತಾರೆ. ನಿಮ್ಮ ಪಾಪದ ಲೆಕ್ಕ ಆ ಶಿಲೀಂಧ್ರಕ್ಕೆ ಗೊತ್ತಿಲ್ಲ.

ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಇದು, ಇವನದೋ ತಂದೆತಾಯಿಯದೋ ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರದೂ ಅಲ್ಲ ಅಂದ. ಯೋಹಾನ 9ರಲ್ಲಿದೆ. ಇನ್ನೊಂದು ಕಡೆ, ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ, ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸುವವರು ಯಾರು ಅಂತ ಪೌಲ ಒಂದು ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಬರಗಾಲವೂ ಇದೆ. ದೇವರು ಪ್ರೀತಿಸುವವರ ಮನೆಗೆ ಬರಗಾಲ ಬರುವುದೇ ಇಲ್ಲ ಅಂತಿದ್ದರೆ ಪೌಲ ಅದನ್ನು ಆ ಪಟ್ಟಿಗೆ ಸೇರಿಸುವ ಅಗತ್ಯವೇ ಇರಲಿಲ್ಲ. ಬೆಳೆ ಬಂದರೆ ದೇವರು ಒಲಿದ, ಹೋದರೆ ಮುನಿದ ಅನ್ನುವ ಲೆಕ್ಕ ಸುವಾರ್ತೆಯದ್ದಲ್ಲ.

ಹಾಗಾದರೆ ದೇವರ ಪ್ರೀತಿ ನನ್ನ ಮೇಲಿದೆ ಅನ್ನುವುದಕ್ಕೆ ಆಧಾರ ಏನು? ರೋಮಾಪುರದವರಿಗೆ ಬರೆದ ಪತ್ರಿಕೆಯ ಅದೇ 8ನೇ ಅಧ್ಯಾಯ ತೆಗೆಯಿರಿ. ನೀವು ಮತ್ತೆ ಭಯಪಡುವ ದಾಸರಲ್ಲ, ದತ್ತು ಹೋದ ಮಕ್ಕಳು, ಅದಕ್ಕೇ ದೇವರನ್ನು ಅಬ್ಬಾ, ತಂದೆಯೇ ಅಂತ ಕೂಗುತ್ತೇವೆ ಅನ್ನುತ್ತಾನೆ ಪೌಲ. ಇದನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಆಗ ರೋಮಿನ ಸಿಂಹಾಸನದ ಮೇಲೆ ಕೂತಿದ್ದವನು ನೀರೋ. ಅವನೇ ದತ್ತುಮಗ. ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 50ರಲ್ಲಿ ಅವನನ್ನು ದತ್ತು ತೆಗೆದುಕೊಂಡಿದ್ದ. ಸ್ವಂತ ಮಗ ಬ್ರಿಟಾನಿಕಸ್ ಇದ್ದರೂ ಪಟ್ಟ ಸಿಕ್ಕಿದ್ದು ದತ್ತುಮಗನಿಗೆ. (ನೀರೋ ಎಂಥ ಮಗ ಆದ ಅನ್ನುವುದು ಬೇರೆ ಕತೆ ಬಿಡಿ.) ದತ್ತು ಅಂದರೆ ಎಷ್ಟು ಗಟ್ಟಿ ಅನ್ನುವುದು ಪತ್ರ ಓದಿದ ರೋಮಿನ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಹೆಸರು, ಹೊಸ ಮನೆ, ಆಸ್ತಿಯಲ್ಲಿ ಪೂರ್ತಿ ಹಕ್ಕು.

ದತ್ತು ಮಾಡಿಕೊಳ್ಳುವವನು ತಂದೆ. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಿದ್ದೀರಿ ಅಂದುಕೊಳ್ಳಿ. ಒಂದು ದಿನ ಅದು ಮುಖ ಊದಿಸಿಕೊಂಡು, ರೊಟ್ಟಿ ಬೇಡ, ನೀವು ನನ್ನ ಅಪ್ಪ ಅಮ್ಮ ಅಲ್ಲ ಅಂತ ಮೂಲೆಯಲ್ಲಿ ಕೂತರೆ, ತಹಶೀಲ್ದಾರ್ ಆಫೀಸಿಗೆ ಹೋಗಿ ಹೆಸರು ತೆಗೆಸುತ್ತೀರಾ? ಆ ದಿನ ಮಗುವಿಗೆ ಏನನ್ನಿಸಿತು ಅನ್ನುವುದರ ಮೇಲೆ ಕಾರ್ಡು ನಿಂತಿಲ್ಲ.

"ಆದರೆ ಪವಿತ್ರಾತ್ಮನು ಒಳಗೆ ಸಾಕ್ಷಿ ಹೇಳುತ್ತಾನೆ ಅಂತ ಅಲ್ಲೇ ಬರೆದಿದೆಯಲ್ಲಾ, ನನಗೆ ಕೇಳಿಸುತ್ತಿಲ್ಲವಲ್ಲಾ" ಅಂತ ನೀವು ಕೇಳಬಹುದು. ಬರೆದಿದೆ, ನಿಜ. ವೆಸ್ಲಿ ಅದರ ಮೇಲೆ ಪ್ರಸಂಗಗಳನ್ನೇ ಮಾಡಿದರು. ಆದರೆ ಇನ್ನು ಹತ್ತು ವಚನ ಕೆಳಗೆ ಇಳಿಯಿರಿ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ, ಮಾತಿಲ್ಲದ ನರಳಾಟದಲ್ಲಿ ಆತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತಿದೆ. ಅಬ್ಬಾ ಅಂತ ಕೂಗುವವರಿಗೂ ಬಾಯೇ ಬಾರದವರಿಗೂ ಒಂದೇ ಅಧ್ಯಾಯದಲ್ಲಿ ಜಾಗ ಇದೆ. ಯೋಹಾನನ ಮೊದಲ ಪತ್ರಿಕೆಯ 3ನೇ ಅಧ್ಯಾಯ ಇನ್ನೂ ನೇರವಾಗಿ ಹೇಳುತ್ತದೆ: ನಮ್ಮ ಮನಸ್ಸೇ ನಮ್ಮನ್ನು ತಪ್ಪಿತಸ್ಥರು ಅಂದರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು.

ಕಲಬುರಗಿ ಕಡೆಯ ಕಥೋಲಿಕ ಓದುಗರಿಗೆ ಇಲ್ಲಿ ಒಂದು ಮಾತು. ನಿಮ್ಮ ಸಭೆ 1547ರಲ್ಲಿ, ಟ್ರೆಂಟ್ ಎಂಬಲ್ಲಿ ಸೇರಿದ್ದ ಮಹಾಸಭೆಯಲ್ಲಿ, ನಾನು ಕೃಪೆಯಲ್ಲಿದ್ದೇನೆ ಅಂತ ಯಾರೂ ತಪ್ಪೇ ಆಗಲಾರದಷ್ಟು ಖಚಿತವಾಗಿ ಹೇಳಲಾಗದು ಅಂದಿತು. ನಮಗೂ ನಿಮಗೂ ಇಲ್ಲಿ ವ್ಯತ್ಯಾಸ ಇದೆ, ಮುಚ್ಚಿಡುವುದು ಬೇಡ. ಆದರೆ 1431ರಲ್ಲಿ ಫ್ರಾನ್ಸಿನ ಜೋನ್ ಆಫ್ ಆರ್ಕ್ ಎಂಬ ಹುಡುಗಿಯನ್ನು ವಿಚಾರಣೆಗೆ ನಿಲ್ಲಿಸಿ, ನೀನು ದೇವರ ಕೃಪೆಯಲ್ಲಿದ್ದೀಯಾ ಅಂತ ಕೇಳಿದಾಗ ಅವಳು ಕೊಟ್ಟ ಉತ್ತರ ಎರಡೂ ಕಡೆಯವರಿಗೆ ಆಗುವಂಥದ್ದು. ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿ ಇಡಲಿ, ಇದ್ದರೆ ಅಲ್ಲೇ ಉಳಿಸಲಿ ಅಂದಳು. ಬಲೆ ಹಾಕಿ ಕೇಳಿದವರು ಬಾಯಿ ಮುಚ್ಚಿಕೊಂಡರು.

ಇನ್ನು ಕೆಲವರಿಗೆ ಭರವಸೆ ತೀರಾ ಜಾಸ್ತಿ. ನಾನು ರಕ್ಷಣೆ ಹೊಂದಿದವನು ಅಂತ ಗಟ್ಟಿಯಾಗಿ ಹೇಳುತ್ತಲೇ ಮನೆಯಲ್ಲಿ ಸೊಸೆಗೆ ಕಾಟ ಕೊಡುತ್ತಿರುತ್ತಾರೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅಂತ ಯೋಹಾನ ಬರೆದದ್ದು ಅಂಥವರಿಗೆ. ನಿಮಗಲ್ಲ. ನೀವು ಅದನ್ನೂ ತಲೆ ಮೇಲೆ ಹಾಕಿಕೊಳ್ಳಬೇಡಿ.

ವೆಸ್ಲಿಯ ಇನ್ನೊಂದು ಮಾತು ನಿಮಗೆ ಬೇಕಾಗಬಹುದು. ವಯಸ್ಸಾದಂತೆ ಅವರು ಮೆತ್ತಗಾದರು. 1768ರ ಒಂದು ಕಾಗದದಲ್ಲಿ, ದೇವರ ದಯೆಯಲ್ಲೇ ಇದ್ದೂ ದಿನವಿಡೀ ದುಃಖದಲ್ಲಿರುವವರು ಇರಬಹುದು ಅಂತ ಒಪ್ಪಿಕೊಂಡರು. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಅಂದರು: ಸುವಾರ್ತೆಯ ವಾಗ್ದಾನಗಳು ತಿಳಿಯದೇ ಇರುವುದು, ಇಲ್ಲವೇ ದೇಹದ ಅಸ್ವಸ್ಥತೆ. ದೇಹದ ಅಸ್ವಸ್ಥತೆ! ಇನ್ನೂರೈವತ್ತು ವರ್ಷದ ಹಿಂದಿನ ಬೋಧಕನಿಗೆ ಗೊತ್ತಿದ್ದದ್ದು ನಮ್ಮ ಕೆಲವು ಪ್ರಾರ್ಥನಾ ವೀರರಿಗೆ ಇನ್ನೂ ಗೊತ್ತಾಗಿಲ್ಲ. ರಾತ್ರಿ ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ದೇವರ ವಿಷಯ ಬಿಡಿ, ಮಕ್ಕಳ ಆಟ, ಇಷ್ಟದ ಹಾಡು, ಇವೂ ಖುಷಿ ಕೊಡುತ್ತಿಲ್ಲವಾ? ಹಾಗಿದ್ದರೆ ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಖಿನ್ನತೆ ಇರಬಹುದು. ಸಾಲ ಮೈಮೇಲಿದ್ದರಂತೂ ಹೇಳುವುದೇ ಬೇಡ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ, ಅವರು ಬಿ.ಪಿ. ಮಾತ್ರೆ ನುಂಗುತ್ತಾರಾ ಅಂತ ಕೇಳಿ.

ಪ್ರಾರ್ಥನೆ ನಡೆಸಿಕೊಂಡು ಹೋಗಿ. ಆದರೆ ಇಲ್ಲದ ಸಂತೋಷವನ್ನು ಬಾಯಲ್ಲಿ ತರಬೇಡಿ. ಕೀರ್ತನೆ 88 ಓದಿ ನೋಡಿ. ಬಹಳಷ್ಟು ಗೋಳಿನ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರ ಜನ ಹಾಡಿಕೊಂಡು ಬಂದಿದ್ದಾರೆ. ಅಷ್ಟೂ ಆಗದಿದ್ದರೆ ಮಾರ್ಕ 9ರಲ್ಲಿ ಕಾಯಿಲೆ ಮಗನ ತಂದೆ ಹೇಳಿದ್ದು ಸಾಕು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಅವನಿಗೆ ಮೊದಲು ನಂಬಿಕೆ ಸರಿಮಾಡಿಕೊಂಡು ಬಾ ಅನ್ನಲಿಲ್ಲ. ಮಗನನ್ನು ವಾಸಿಮಾಡಿದ.

ಇದನ್ನು ಒಬ್ಬರಿಗಾದರೂ ಹೇಳಿಕೊಳ್ಳಿ. ಪಾಪ ಉಳಿದಿದೆ ಅಂದವರಿಗೆ ಬೇಡ. ಕ್ವಾಯರಿನಲ್ಲಿ ಪಕ್ಕ ನಿಲ್ಲುತ್ತಿದ್ದ ಗೆಳತಿ ಇದ್ದಾರಾ? ಅವರಿಗೆ ಹೇಳಿ. ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು ಚಾವಣಿ ತೆಗೆದು ಇಳಿಸಿದಾಗ ಯೇಸು "ಅವರ" ನಂಬಿಕೆಯನ್ನು ನೋಡಿದ ಅಂತ ಮಾರ್ಕ ಬರೆದಿದ್ದಾನೆ. ಹಾಸಿಗೆಯಲ್ಲಿ ಮಲಗಿದ್ದವನ ಮನಸ್ಸಿನಲ್ಲಿ ಏನಿತ್ತು ಅಂತ ಬರೆದಿಲ್ಲ.

ಈಗ ಕರ್ತನ ಭೋಜನ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಚುಚ್ಚಿದ್ದು ಅದೇ. ಅಯೋಗ್ಯವಾಗಿ ತಿಂದರೆ ಕೇಡು ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯದಲ್ಲಿರುವ ಮಾತಿಗೆ ಹೆದರಿದ್ದೀರಿ ಅನ್ನಿಸುತ್ತದೆ. ಸ್ವಲ್ಪ ಹಿಂದಿನಿಂದ ಓದಿ. ಕೊರಿಂಥದಲ್ಲಿ ಕೆಲವರು ಮೊದಲೇ ಹೊಟ್ಟೆ ತುಂಬ ತಿಂದು ಕುಡಿದು, ಇಲ್ಲದವರನ್ನು ಹಸಿದು ನಿಲ್ಲಿಸುತ್ತಿದ್ದರು. ಪೌಲ ಬೈದದ್ದು ಅದಕ್ಕೆ. ಮನಸ್ಸು ಒಣಗಿದವರು ದೂರ ಇರಿ ಅಂತ ಅವನು ಎಲ್ಲೂ ಹೇಳಿಲ್ಲ. ಪರೀಕ್ಷೆ ಮಾಡಿಕೊಂಡು "ತಿನ್ನಲಿ" ಅಂತಲೇ ಬರೆದಿದ್ದಾನೆ. 1740ರಲ್ಲಿ ಲಂಡನ್ನಿನ ಫೆಟರ್ ಲೇನ್ ಕೂಟದಲ್ಲಿ ಕೆಲವರು, ಪೂರ್ತಿ ಭರವಸೆ ಬರುವ ತನಕ ಭೋಜನಕ್ಕೆ ಹೋಗಬೇಡಿ, ಸುಮ್ಮನೆ ಕಾಯಿರಿ ಅಂತ ಕಲಿಸುತ್ತಿದ್ದರು. ವೆಸ್ಲಿ ಇದನ್ನು ಒಪ್ಪದೆ, ಆ ಜುಲೈನಲ್ಲಿ ಕೂಟವನ್ನೇ ಬಿಟ್ಟು ಹೊರಗೆ ಬಂದರು. ಹಸಿದವರು ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಬರಬೇಕಾ?

ವೆಸ್ಲಿಯ ತಾಯಿ ಸುಸನ್ನಾ ಕತೆ ಕಡಿಮೆ ಜನಕ್ಕೆ ಗೊತ್ತು. ಗಂಡ ಪಾದ್ರಿ, ಮಕ್ಕಳು ಪಾದ್ರಿಗಳು, ಜೀವನವಿಡೀ ಪ್ರಾರ್ಥನೆ. ಆದರೂ, ಪಾಪಕ್ಷಮೆ ಈಗಲೇ ಸಿಕ್ಕಿದೆ ಅಂತ ಬದುಕಿರುವಾಗಲೇ ತಿಳಿಯಬಹುದು ಅನ್ನುವುದನ್ನೇ ತಾನು ಹೆಚ್ಚು ಕೇಳಿರಲಿಲ್ಲ ಅಂತ ಮಗನಿಗೆ ಹೇಳಿದರು. 1739ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಅಳಿಯ ಪಾತ್ರೆಯನ್ನು ಕೈಗೆ ಕೊಡುತ್ತಾ, ನಿನಗೋಸ್ಕರ ಕೊಟ್ಟ ಕರ್ತನ ರಕ್ತ ಅನ್ನುವ ಎಂದಿನ ಮಾತು ಹೇಳಿದಾಗ ಅದು ಎದೆಗೆ ನಾಟಿತಂತೆ. ಎಷ್ಟು ವರ್ಷ ಅದೇ ಮಾತು ಕೇಳಿದ್ದರೋ. ಅವತ್ತು ನಾಟಿತು.

ನಿಮಗೆ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡುತ್ತಿಲ್ಲ. ಮುಂದಿನ ಸಲ ಭೋಜನ ಇರುವ ಭಾನುವಾರ ಎಲ್ಲರ ಜೊತೆ ಎದ್ದು ಮುಂದೆ ಹೋಗಿ, ಮೊಣಕಾಲೂರಿ ಕೈ ಚಾಚಿ. ಪಾಸ್ಟರಿಗೆ ಮೊದಲೇ ಹೇಳಬೇಕು ಅನ್ನಿಸಿದರೆ ಶನಿವಾರ ಹೋಗಿ ಹೇಳಿ, ಹೇಳಲೇಬೇಕು ಅಂತೇನೂ ಇಲ್ಲ. ಅವತ್ತು ಏನೂ ಅನ್ನಿಸದಿದ್ದರೆ, ಅದರ ಮುಂದಿನ ಸಲವೂ ಹೋಗಿ.